ಮಲ್ಟಿಡಿಐಸಿ: ಸುತ್ತಲೂ ಕ್ಯಾಮೆರಾ ನಿಲ್ಲಿಸಿ ಮೇಲ್ಮೈಯ ವಿರೂಪ ಅಳೆಯುವ ಉಚಿತ ತಂತ್ರಾಂಶದ ವಿಮರ್ಶೆ

ಕಾಂಕ್ರೀಟ್ ಸಿಲಿಂಡರ್ ಒಂದನ್ನು ಸಿಟಿಎಂ ಎಂಬ ಒತ್ತಿ ಪರೀಕ್ಷಿಸುವ ಯಂತ್ರದಲ್ಲಿಟ್ಟು ಭಾರ ಏರಿಸುತ್ತ ಹೋದಾಗ ಮೊದಲ ಬಿರುಕು ಯಾವ ಮಗ್ಗುಲಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಮುಂಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಅದರ ಮೈಗೆ ಅಂಟಿಸಿದ ಸ್ಟ್ರೈನ್ ಗೇಜ್ (ಸ್ಟ್ರೈನ್, ಅಂದರೆ ಉದ್ದಕ್ಕೆ ಹೋಲಿಸಿದ ಹಿಗ್ಗು ಕುಗ್ಗಿನ ಪ್ರಮಾಣ, ಅಳೆಯುವ ಪಟ್ಟಿ) ತಾನು ಕೂತ ಜಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಎದುರಿಗೆ ನಿಲ್ಲಿಸಿದ ಕ್ಯಾಮೆರಾ ತನಗೆ ಕಾಣುವ ಅರ್ಧ ಮೈಯನ್ನಷ್ಟೇ ನೋಡುತ್ತದೆ, ಆ ಅರ್ಧದಲ್ಲಿಯೂ ಅಂಚಿನ ಭಾಗಗಳು ಓರೆಯಾಗಿ ಸರಿದುಹೋಗಿರುವುದರಿಂದ ಅಳತೆಗೆ ಒದಗುವುದಿಲ್ಲ. ದುಂಡಗಿನ ವಸ್ತುವಿನ ಇಡೀ ಮೇಲ್ಮೈ ಭಾರದಡಿ ಹೇಗೆ ಸರಿಯುತ್ತದೆ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನು ಒಂದೇ ನಕ್ಷೆಯಲ್ಲಿ ಕಾಣಬೇಕೆಂದರೆ ಸುತ್ತಲೂ ಹಲವು ಕ್ಯಾಮೆರಾಗಳು ಬೇಕು. ಅವೆಲ್ಲವೂ ಹೇಳುವುದನ್ನು ಒಂದೇ ಲೆಕ್ಕಕ್ಕೆ ತರುವ ತಂತ್ರಾಂಶವೂ ಬೇಕು. ಈ ಎರಡನೆಯ ಕೆಲಸಕ್ಕೆಂದೇ ಬರೆಯಲಾದ ಮುಕ್ತ ಆಕರದ ತಂತ್ರಾಂಶ ಮಲ್ಟಿಡಿಐಸಿ. ನಮ್ಮ ಪ್ರಯೋಗಾಲಯದಲ್ಲಿ 150 ಮಿ.ಮೀ. ವ್ಯಾಸ, 300 ಮಿ.ಮೀ. ಎತ್ತರದ ಸಿಲಿಂಡರ್‌ಗಳ ಮೇಲೆ ಇದನ್ನು ಬಳಸುತ್ತಿರುವ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ವಿಧಾನದ ಬಗ್ಗೆ ನಾಲ್ಕು ಮಾತು. ವಸ್ತುವಿನ ಮೇಲ್ಮೈಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕ್ರಮವಿಲ್ಲದ ಕಪ್ಪು ಚುಕ್ಕಿಗಳನ್ನು ಹರಡಿ, ಭಾರ ಹಾಕುವ ಮೊದಲು ಮತ್ತು ಹಾಕುತ್ತಿರುವಾಗ ಫೋಟೋ ತೆಗೆಯುತ್ತಾರೆ. ಮೊದಲ ಚಿತ್ರದಲ್ಲಿ ಒಂದು ಸಣ್ಣ ತುಣುಕನ್ನು ಆರಿಸಿಕೊಂಡು, ಆ ತುಣುಕಿನ ಚುಕ್ಕಿಗಳ ವಿನ್ಯಾಸ ನಂತರದ ಚಿತ್ರದಲ್ಲಿ ಎಲ್ಲಿಗೆ ಹೋಗಿದೆ, ಎಷ್ಟು ಹಿಗ್ಗಿದೆ, ಎಷ್ಟು ಓರೆಯಾಗಿದೆ ಎಂಬುದನ್ನು ಗಣಕ ಹುಡುಕುತ್ತದೆ. ಇದಕ್ಕೆ ಡಿಜಿಟಲ್ ಇಮೇಜ್ ಕೋರಿಲೇಶನ್, ಚಿಕ್ಕದಾಗಿ ಡಿಐಸಿ, ಎಂದು ಹೆಸರು. ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪೀಟರ್ಸ್ ಮತ್ತು ರಾನ್ಸನ್ 1982ರಲ್ಲಿ ಇದರ ಮೂಲ ಕಲ್ಪನೆಯನ್ನು ಪ್ರಕಟಿಸಿದರು. ಅಲ್ಲಿಯೇ ಮೈಕೆಲ್ ಸಟನ್ ಮತ್ತು ಸಂಗಡಿಗರು ಅದನ್ನು ಬೆಳೆಸಿದರು. 1993ರ ಹೊತ್ತಿಗೆ ಎರಡು ಕ್ಯಾಮೆರಾಗಳನ್ನು ಜೋಡಿಯಾಗಿ ಬಳಸಿ ಮೂರು ಆಯಾಮಗಳಲ್ಲಿ ಅಳೆಯುವ ವಿಧಾನವೂ ಬಂದಿತ್ತು.

ಒಂದೇ ಕ್ಯಾಮೆರಾ ಸಾಕಾಗದೆ ಏಕೆ ಎರಡು ಬೇಕಾಯಿತು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಕ್ಯಾಮೆರಾದಿಂದ 1 ಮೀಟರ್ ದೂರದಲ್ಲಿರುವ ವಸ್ತು ಭಾರದಡಿ 1 ಮಿ.ಮೀ. ಮುಂದಕ್ಕೆ ಬಂದರೆ ಚಿತ್ರದಲ್ಲಿ ಅದು ಸಾವಿರದಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಅಂದರೆ ವಸ್ತು ಒಂದಿಷ್ಟೂ ಹಿಗ್ಗದೆ ಇದ್ದರೂ ತಂತ್ರಾಂಶ 1000 ಮೈಕ್ರೋಸ್ಟ್ರೈನ್ (ಹತ್ತು ಲಕ್ಷದಲ್ಲಿ 1000 ಪಾಲು ಹಿಗ್ಗು) ಎಂದು ವರದಿ ಮಾಡುತ್ತದೆ. 250 ಮೆಗಾಪಾಸ್ಕಲ್ ಸಾಮರ್ಥ್ಯದ ಮೆದು ಉಕ್ಕು ಶಾಶ್ವತವಾಗಿ ಬಾಗಲು ತೊಡಗುವುದೇ ಸುಮಾರು 1250 ಮೈಕ್ರೋಸ್ಟ್ರೈನ್‌ನಲ್ಲಿ. ಹೀಗಿರುವಾಗ ಚಪ್ಪಟೆ ಮಾದರಿಯ ಮೇಲೂ ಒಂಟಿ ಕ್ಯಾಮೆರಾದ ಅಂಕಿಯನ್ನು ಎಚ್ಚರಿಕೆಯಿಂದಲೇ ಓದಬೇಕು. ಹೊಟ್ಟೆ ಉಬ್ಬಿಸಿಕೊಂಡು ಕ್ಯಾಮೆರಾದತ್ತ ಬರುವ ಸಿಲಿಂಡರ್ ಮೇಲಂತೂ ಅದನ್ನು ನಂಬಲೇ ಬಾರದು. ಎರಡು ಕ್ಯಾಮೆರಾಗಳ ಜೋಡಿ ಈ ತೊಂದರೆಯನ್ನು ನೀಗುತ್ತದೆ, ಆದರೆ ದುಂಡು ಮೈಯ ಕಾಲು ಭಾಗದಷ್ಟನ್ನು ಮಾತ್ರ ಅದು ಚೆನ್ನಾಗಿ ನೋಡಬಲ್ಲದು.

ಮಲ್ಟಿಡಿಐಸಿ ಹುಟ್ಟಿದ್ದು ಕಾಂಕ್ರೀಟಿಗಾಗಿ ಅಲ್ಲ. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನಲ್ಲಿ ಹ್ಯೂ ಹೆರ್ ಅವರ ಬಯೋಮೆಕಟ್ರಾನಿಕ್ಸ್ ತಂಡ ಕೃತಕ ಕಾಲುಗಳ ಮೇಲೆ ಕೆಲಸ ಮಾಡುತ್ತದೆ. 1982ರಲ್ಲಿ ಪರ್ವತಾರೋಹಣದ ವೇಳೆ ಹಿಮದಲ್ಲಿ ಸಿಲುಕಿ ಹೆರ್ ತಾವೇ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡವರು. ಕತ್ತರಿಸಿ ಉಳಿದ ಕಾಲಿನ ಭಾಗ ಕೃತಕ ಕಾಲಿನ ಬಟ್ಟಲಿನೊಳಗೆ ಕೂರುವಾಗ ಚರ್ಮ ಎಲ್ಲಿ ಎಷ್ಟು ಎಳೆತಕ್ಕೆ ಸಿಗುತ್ತದೆ ಎಂದು ತಿಳಿಯದೆ ನೋವಾಗದ ಬಟ್ಟಲನ್ನು ಮಾಡುವುದು ಕಷ್ಟ. ಕಾಲು ದುಂಡಗಿನ ವಸ್ತು, ಮೆತ್ತಗಿನ ವಸ್ತು, ಜೊತೆಗೆ ಅಲುಗಾಡುವ ವಸ್ತು. ಅದನ್ನು ಸುತ್ತಲಿಂದ ಅಳೆಯುವ ಅಗತ್ಯದಿಂದ ಡಾನಾ ಸೊಲಾವ್, ಕೆವಿನ್ ಮೋರ್ಮನ್, ಆರನ್ ಜೇಗರ್, ಕಾಟಿಯಾ ಜೆನೊವೇಸೆ ಮತ್ತು ಹೆರ್ ಸೇರಿ 2018ರಲ್ಲಿ ಐಇಇಇ ಆಕ್ಸೆಸ್ ಪತ್ರಿಕೆಯಲ್ಲಿ ಈ ತಂತ್ರಾಂಶವನ್ನು ಪ್ರಕಟಿಸಿದರು. ಗಿಟ್‌ಹಬ್‌ನಿಂದ ಯಾರು ಬೇಕಾದರೂ ಇಳಿಸಿಕೊಂಡು, ತಮಗೆ ಬೇಕಾದಂತೆ ತಿದ್ದಿಕೊಂಡು ಬಳಸಬಹುದು. ಹುಟ್ಟಿನ ಈ ಹಿನ್ನೆಲೆ ತಂತ್ರಾಂಶದ ಗುಣದೋಷಗಳೆರಡರಲ್ಲೂ ಕಾಣುತ್ತದೆ: ದೊಡ್ಡ ವಿರೂಪಗಳನ್ನು ಇದು ನಿರಾಯಾಸವಾಗಿ ನಿಭಾಯಿಸುತ್ತದೆ, ಸಣ್ಣ ವಿರೂಪಗಳಲ್ಲಿ ಬಳಸುವವರಿಂದ ಹೆಚ್ಚಿನ ಶಿಸ್ತನ್ನು ಕೇಳುತ್ತದೆ.

ಇದರ ಅತ್ಯುತ್ತಮ ಅಂಶವೆಂದು ನಾನು ಎಣಿಸುವುದು ಕ್ಯಾಲಿಬ್ರೇಶನ್ ಕ್ರಮವನ್ನು, ಅಂದರೆ ಗೊತ್ತಿರುವ ಅಳತೆಯ ವಸ್ತುವಿನಿಂದ ಕ್ಯಾಮೆರಾಗಳನ್ನು ಹೊಂದಿಸಿಕೊಳ್ಳುವ ಬಗೆಯನ್ನು. ಚುಕ್ಕಿಗಳನ್ನು ಸಾಲುಸಾಲಾಗಿ ಮೂಡಿಸಿದ ಒಂದು ಸಿಲಿಂಡರನ್ನು ವಸ್ತು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಿಸಿ ಎಲ್ಲ ಕ್ಯಾಮೆರಾಗಳಿಂದಲೂ ಅದರ ಚಿತ್ರ ತೆಗೆದುಕೊಳ್ಳಬೇಕು. ಪ್ರತಿ ಚುಕ್ಕಿಯ ನಿಜವಾದ ಸ್ಥಾನ ನಮಗೆ ಗೊತ್ತಿರುತ್ತದೆ. ಚಿತ್ರದಲ್ಲಿ ಅದು ಎಲ್ಲಿ ಕಾಣುತ್ತದೆ ಎಂಬುದನ್ನು ತಂತ್ರಾಂಶ ಹುಡುಕಿಕೊಳ್ಳುತ್ತದೆ. ಇವೆರಡನ್ನು ಬೆಸೆಯಲು ಡಿಎಲ್‌ಟಿ (ಡೈರೆಕ್ಟ್ ಲೀನಿಯರ್ ಟ್ರಾನ್ಸ್‌ಫರ್ಮೇಶನ್) ಎಂಬ ಹಳೆಯ ವಿಧಾನವಿದೆ, ಅಬ್ದೆಲ್ ಅಜೀಜ್ ಮತ್ತು ಕರಾರ 1971ರಲ್ಲಿ ಕೊಟ್ಟದ್ದು. ಪ್ರತಿ ಕ್ಯಾಮೆರಾಕ್ಕೆ 11 ಗುಣಾಂಕಗಳು. ಒಂದು ಚುಕ್ಕಿ ಎರಡು ಸಮೀಕರಣಗಳನ್ನು ಕೊಡುವುದರಿಂದ ಒಂದೇ ಸಮತಲದಲ್ಲಿರದ ಆರು ಚುಕ್ಕಿಗಳಿದ್ದರೆ ಲೆಕ್ಕ ಬಿಡಿಸಬಹುದು, ವಾಸ್ತವದಲ್ಲಿ ಅದಕ್ಕಿಂತ ಬಹಳ ಹೆಚ್ಚು ಚುಕ್ಕಿಗಳನ್ನು ಬಳಸುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪ್ರತಿ ಕ್ಯಾಮೆರಾ ತನ್ನ ಪಕ್ಕದ ಕ್ಯಾಮೆರಾವನ್ನು ಅವಲಂಬಿಸದೆ ನೇರವಾಗಿ ಆ ಸಿಲಿಂಡರಿನ ಅಕ್ಷಗಳಿಗೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಮೊದಲ ಜೋಡಿ ಕಂಡ ಮೇಲ್ಮೈಯೂ ಕೊನೆಯ ಜೋಡಿ ಕಂಡ ಮೇಲ್ಮೈಯೂ ಹುಟ್ಟುವಾಗಲೇ ಒಂದೇ ನಿರ್ದೇಶಾಂಕ ವ್ಯವಸ್ಥೆಯಲ್ಲಿರುತ್ತವೆ. ಒಂದಕ್ಕೊಂದು ಹೊಂದಿಸುವ ಬೇರೆ ಕೆಲಸವೇ ಬರುವುದಿಲ್ಲ, ಹೊಂದಿಸುತ್ತ ಹೋದಂತೆ ದೋಷ ಪೇರಿಕೊಳ್ಳುವ ಭಯವೂ ಇರುವುದಿಲ್ಲ.

ಪ್ರಯೋಗಾಲಯದಲ್ಲಿ ಇದರ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಭಾರ ಹಾಕುವ ಯಂತ್ರಕ್ಕೆ ಕಂಬಗಳಿರುತ್ತವೆ. ಸುತ್ತಲೂ ಪೂರ್ತಿ ವೃತ್ತದಲ್ಲಿ ಕ್ಯಾಮೆರಾ ನಿಲ್ಲಿಸಲು ಅವು ಬಿಡುವುದಿಲ್ಲ. ಕಂಬಗಳ ನಡುವಿನ ಸಂದುಗಳಲ್ಲಿ ಜೋಡಿಗಳನ್ನು ನಿಲ್ಲಿಸಿದಾಗ ಮೇಲ್ಮೈಯ ನಕ್ಷೆಯಲ್ಲಿ ಅಲ್ಲಲ್ಲಿ ಖಾಲಿ ಪಟ್ಟಿಗಳು ಉಳಿಯುತ್ತವೆ ನಿಜ, ಆದರೆ ಉಳಿದ ತುಂಡುಗಳು ತಮ್ಮ ತಮ್ಮ ಸರಿಯಾದ ಸ್ಥಾನದಲ್ಲಿಯೇ ನಿಲ್ಲುತ್ತವೆ. ಎದುರುಬದುರಿನ ಎರಡು ಬಿಂದುಗಳ ನಡುವಿನ ವ್ಯಾಸ ಭಾರದಡಿ ಎಷ್ಟು ಹೆಚ್ಚಿತು ಎಂದು ನೇರವಾಗಿ ಓದಿಕೊಳ್ಳಬಹುದು. ಒಂದನ್ನೊಂದು ನೋಡದ ಎರಡು ಜೋಡಿಗಳಿಂದ ಇಂತಹ ಅಂಕಿ ಸಿಗುವುದು ಸಣ್ಣ ಮಾತಲ್ಲ.

ಆದರೆ ಇಡೀ ಅಳತೆಯ ಸತ್ಯ ಆ ಒಂದು ಸಿಲಿಂಡರಿನ ಮೇಲೆ ನಿಂತಿದೆ, ಅದನ್ನು ಮಾಡಿಕೊಳ್ಳಬೇಕಾದವರು ನಾವೇ. 160 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪು ನಮ್ಮ ಮಾದರಿಯ ಗಾತ್ರಕ್ಕೆ ಹತ್ತಿರವಾಗಿದೆ. ಅದರ ಸುತ್ತಳತೆ ಸುಮಾರು 503 ಮಿ.ಮೀ.; 420 ಮಿ.ಮೀ. ಉದ್ದದ ಎ3 ಹಾಳೆ ಅದನ್ನು ಸುತ್ತಿ ಬರುವುದಿಲ್ಲ, ಎರಡು ಹಾಳೆ ಸೇರಿಸಿದರೆ ಬೆಸುಗೆಯ ಜಾಗದಲ್ಲಿ ಚುಕ್ಕಿಗಳ ಅಂತರ ಕೆಡುತ್ತದೆ. ಫ್ಲೆಕ್ಸ್ ಮುದ್ರಿಸುವ ಅಂಗಡಿಯಲ್ಲಿ ಹೊಳಪಿಲ್ಲದ ವಿನೈಲ್ ಸ್ಟಿಕ್ಕರಿನ ಮೇಲೆ ಒಂದೇ ತುಂಡಾಗಿ ಮುದ್ರಿಸಿಕೊಂಡು ಅಂಟಿಸುವುದು ಮೇಲು. ಮುದ್ರಿಸುವಾಗ ಅಳತೆಯನ್ನು ಪುಟಕ್ಕೆ ತಕ್ಕಂತೆ ಕುಗ್ಗಿಸುವ ಆಯ್ಕೆ ತೆಗೆದುಹಾಕಿರಬೇಕು, ಬಂದ ಮೇಲೆ ವರ್ನಿಯರ್ ಹಿಡಿದು ಉದ್ದ ಅಗಲ ಎರಡನ್ನೂ ಅಳೆಯಬೇಕು. ಮುದ್ರಣ ಕುಗ್ಗಿದರೂ ಪೈಪಿನ ವ್ಯಾಸ ಕುಗ್ಗುವುದಿಲ್ಲ, ಆದ್ದರಿಂದ ಎರಡೂ ದಿಕ್ಕಿನಲ್ಲಿ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದರೂ ಅಂಕಿಗಳು ತಪ್ಪುತ್ತವೆ. ಒಂದು ದಿಕ್ಕಿನಲ್ಲಿ ಮಾತ್ರ ಕುಗ್ಗಿದ್ದರೆ ವಸ್ತುವಿನ ಆಕಾರವೇ ತಿರುಚಿ ಕಾಣುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು: ಡಿಎಲ್‌ಟಿ ವಿಧಾನ ಚುಕ್ಕಿಗಳು ಆವರಿಸಿದ ಜಾಗದ ಒಳಗೆ ನಂಬಿಕಸ್ತ, ಅದರ ಹೊರಗೆ ಅಲ್ಲ. ಸಣ್ಣ ಪೈಪಿನಿಂದ ಕ್ಯಾಲಿಬ್ರೇಟ್ ಮಾಡಿ ದೊಡ್ಡ ಮಾದರಿಯನ್ನು ಅಳೆಯಬಾರದು. ಅಗ್ಗದ ಮಸೂರಗಳಿದ್ದರೆ ಅವುಗಳ ವಕ್ರತೆಯನ್ನು ತಿದ್ದಲು ಚೆಕರ್‌ಬೋರ್ಡ್ ಚಿತ್ರಗಳನ್ನು ತೆಗೆದು ಪ್ರತ್ಯೇಕವಾಗಿ ಸರಿಪಡಿಸುವ ಹಂತವೂ ತಂತ್ರಾಂಶದಲ್ಲಿದೆ. ಅದನ್ನು ಬಿಡದಿರುವುದೇ ಒಳ್ಳೆಯದು.

ಮಾದರಿಯ ಮೇಲೆ ಹರಡುವ ಚುಕ್ಕಿಗಳ ಬಗ್ಗೆಯೂ ಇಷ್ಟೇ ಕಾಳಜಿ ಬೇಕು. ಮಾದರಿಯ 300 ಮಿ.ಮೀ. ಎತ್ತರ ಚಿತ್ರದಲ್ಲಿ 2000 ಪಿಕ್ಸೆಲ್‌ಗಳಲ್ಲಿ ಕೂರುವುದಾದರೆ ಒಂದು ಪಿಕ್ಸೆಲ್ 0.15 ಮಿ.ಮೀ. ಆಗುತ್ತದೆ. ಒಂದು ಚುಕ್ಕಿ 3ರಿಂದ 5 ಪಿಕ್ಸೆಲ್ ಅಗಲವಿರಬೇಕೆಂಬುದು ಈ ಕ್ಷೇತ್ರದ ಒಪ್ಪಿತ ನಿಯಮ, ಅಂದರೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್, ರಾಗಿ ಕಾಳಿನ ಅರ್ಧದಷ್ಟು. ಸ್ಪ್ರೇ ಡಬ್ಬಿಯಿಂದ ಸಿಂಪಡಿಸಿದ ಮಂಜಿನಂತಹ ಹನಿಗಳು ಇದಕ್ಕಿಂತ ಬಹಳ ಸಣ್ಣವು. ಕ್ಯಾಮೆರಾಕ್ಕೆ ಅವು ಬೂದು ಬಣ್ಣವಾಗಿ ಕಾಣುತ್ತವೆಯೇ ಹೊರತು ಚುಕ್ಕಿಗಳಾಗಿ ಅಲ್ಲ. ಗಟ್ಟಿ ಕೂದಲಿನ ಬ್ರಷ್ಷಿಗೆ ಬಣ್ಣ ಹಚ್ಚಿ ಬೆರಳಿನಿಂದ ಸಿಡಿಸುವುದು, ಇಲ್ಲವೇ ಮಾರ್ಕರ್ ಪೆನ್ನಿನಿಂದ ಕೈಯಾರೆ ಇಡುವುದು ಈ ಅಳತೆಗೆ ಸರಿಹೋಗುತ್ತದೆ. ಬೆಳಕಿಗೆ ಹ್ಯಾಲೊಜನ್ ದೀಪ ಬೇಡ, ಅದರ ಬಿಸಿಗೆ ಗಾಳಿ ನಡುಗಿ ಚಿತ್ರವೂ ನಡುಗುತ್ತದೆ. ಎಲ್‌ಇಡಿ ಸಾಕು, ಆದರೆ ಅಗ್ಗದ ಎಲ್‌ಇಡಿಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುವುದರಿಂದ ಎಕ್ಸ್‌ಪೋಶರ್ ಸಮಯವನ್ನು 10 ಮಿಲಿಸೆಕೆಂಡಿನ ಗುಣಕದಲ್ಲಿ ಇಟ್ಟುಕೊಳ್ಳಬೇಕು.

ಚಿತ್ರ ತೆಗೆಯುವ ಕೆಲಸವನ್ನು ಮಲ್ಟಿಡಿಐಸಿ ಮಾಡುವುದೇ ಇಲ್ಲ. ಅದು ಕೇಳುವುದು ಪ್ರತಿ ಕ್ಯಾಮೆರಾದ ಚಿತ್ರಗಳನ್ನು ಕ್ರಮವಾಗಿ ಇಟ್ಟ ಫೋಲ್ಡರುಗಳನ್ನು ಮಾತ್ರ. ಎಲ್ಲ ಕ್ಯಾಮೆರಾಗಳೂ ಒಂದೇ ಕ್ಷಣದಲ್ಲಿ ಕ್ಲಿಕ್ಕಿಸುವಂತೆ ನೋಡಿಕೊಳ್ಳುವ ಹೊಣೆ ನಮ್ಮದು. ನಿಧಾನವಾಗಿ ನಡೆಯುವ ಪರೀಕ್ಷೆಗಳಲ್ಲಿ ಇದು ಹೆದರಿಸುವಷ್ಟು ಕಷ್ಟವಲ್ಲ: ಸಿಲಿಂಡರ್ ಎರಡು ನಿಮಿಷಗಳಲ್ಲಿ ಒಟ್ಟು 0.6 ಮಿ.ಮೀ. ಕುಗ್ಗುತ್ತದೆಂದರೆ ಸೆಕೆಂಡಿಗೆ 5 ಮೈಕ್ರೋಮೀಟರ್, ಕ್ಯಾಮೆರಾಗಳ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದ ವ್ಯತ್ಯಾಸವಿದ್ದರೂ ದೋಷ ಅರ್ಧ ಮೈಕ್ರೋಮೀಟರ್ ಮಾತ್ರ. ಮಾದರಿ ಒಡೆಯುವ ಕ್ಷಣಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲುಗುವ ಕಾಲನ್ನೋ ಸಿಡಿಯುವ ವಸ್ತುವನ್ನೋ ಅಳೆಯುವವರಿಗೆ ಹಾರ್ಡ್‌ವೇರ್ ಟ್ರಿಗರ್, ಅಂದರೆ ಎಲ್ಲ ಕ್ಯಾಮೆರಾಗಳನ್ನೂ ತಂತಿಯ ಸಂಕೇತದಿಂದ ಒಟ್ಟಿಗೆ ಕ್ಲಿಕ್ಕಿಸುವ ಸಾಧನ, ಬೇಕೇ ಬೇಕು.

ಚುಕ್ಕಿ ಹುಡುಕುವ ಕೆಲಸಕ್ಕೆ ಮಲ್ಟಿಡಿಐಸಿ ಹೊಸ ಯಂತ್ರವನ್ನು ಕಟ್ಟಿಲ್ಲ. ಜಾರ್ಜಿಯಾ ಟೆಕ್‌ನಲ್ಲಿ ಬರೆಯಲಾದ, 2015ರಲ್ಲಿ ಪ್ರಕಟವಾದ ಎನ್‌ಕಾರ್ ಎಂಬ ಎರಡು ಆಯಾಮಗಳ ಮುಕ್ತ ತಂತ್ರಾಂಶವನ್ನೇ ಒಳಗೆ ಕೂರಿಸಿಕೊಂಡಿದೆ. ಜೋಡಿಯ ಮೊದಲ ಕ್ಯಾಮೆರಾದ ಮೊದಲ ಚಿತ್ರವನ್ನು ಆಧಾರವಾಗಿಟ್ಟು, ಅದೇ ಕ್ಯಾಮೆರಾದ ಉಳಿದ ಚಿತ್ರಗಳನ್ನೂ ಎರಡನೆಯ ಕ್ಯಾಮೆರಾದ ಎಲ್ಲ ಚಿತ್ರಗಳನ್ನೂ ಅದರೊಂದಿಗೆ ಹೋಲಿಸುತ್ತದೆ. ಇದು ಸರಳ ಮತ್ತು ಜಾಣ ಉಪಾಯ, ಆದರೆ ಇದರಿಂದ ಒಂದು ಕಟ್ಟುಪಾಡೂ ಬರುತ್ತದೆ. ಪಕ್ಕದ ಎರಡು ಕ್ಯಾಮೆರಾಗಳ ನಡುವಿನ ಕೋನ ಹೆಚ್ಚಾದಷ್ಟೂ ಒಂದೇ ತುಣುಕು ಎರಡರಲ್ಲೂ ಬೇರೆ ಬೇರೆಯಾಗಿ ಕಾಣುತ್ತದೆ, ಹೋಲಿಕೆ ಸೋಲುತ್ತದೆ. ಕೋನ ತೀರ ಕಡಿಮೆಯಾದರೆ ಆಳದ ಅಳತೆ ಸಡಿಲವಾಗುತ್ತದೆ. 15ರಿಂದ 30 ಡಿಗ್ರಿ ಒಳ್ಳೆಯ ಮಧ್ಯಮ ಮಾರ್ಗ. ಪೂರ್ತಿ ವೃತ್ತಕ್ಕೆ 30 ಡಿಗ್ರಿಗೊಂದರಂತೆ ಇಟ್ಟರೆ 12 ಕ್ಯಾಮೆರಾ, ಪ್ರತಿಯೊಂದೂ ಎಡಬಲದ ಎರಡು ಜೋಡಿಗಳಲ್ಲಿ ದುಡಿಯುತ್ತದೆ, ಹೀಗೆ 12 ಜೋಡಿಗಳು. ಪ್ರತಿ ಜೋಡಿಗೂ ಅಳೆಯಬೇಕಾದ ಕ್ಷೇತ್ರದ ಗಡಿಯನ್ನು ಕೈಯಿಂದ ಎಳೆದು, ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ಬೀಜಬಿಂದುಗಳನ್ನು ಇಡಬೇಕು. ಈ ಭಾಗ ನಿಜಕ್ಕೂ ಬೇಸರ ತರಿಸುತ್ತದೆ. ವಾಣಿಜ್ಯ ವ್ಯವಸ್ಥೆಗಳ ಎದುರು ಮಲ್ಟಿಡಿಐಸಿ ಹಿಂದೆ ಬೀಳುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಫಲಿತಾಂಶ ತೋರಿಸುವ ಬಗೆ ಮಾತ್ರ ಮೆಚ್ಚುವಂಥದ್ದು. ಅಳೆದ ಬಿಂದುಗಳನ್ನು ತ್ರಿಕೋನಗಳ ಬಲೆಯಾಗಿ ಹೆಣೆದು, ಪ್ರತಿ ತ್ರಿಕೋನದ ವಿರೂಪವನ್ನು ಅದರ ಮೂರು ಮೂಲೆಗಳ ಚಲನೆಯಿಂದಲೇ ಲೆಕ್ಕ ಹಾಕುತ್ತದೆ. ನೆರೆಯ ಬಿಂದುಗಳನ್ನೆಲ್ಲ ಸೇರಿಸಿ ನಯಗೊಳಿಸುವ ಅಭ್ಯಾಸ ಇಲ್ಲದ್ದರಿಂದ ನಕ್ಷೆ ಒರಟಾಗಿ ಕಾಣಬಹುದು, ಆದರೆ ಬಿರುಕಿನ ಪಕ್ಕದ ಹಠಾತ್ ಬದಲಾವಣೆ ಮಸುಕಾಗಿ ಹರಡಿಹೋಗುವುದಿಲ್ಲ. ಸ್ಥಾನಪಲ್ಲಟ, ಪ್ರಧಾನ ಸ್ಟ್ರೈನ್‌ಗಳು, ವಿಸ್ತೀರ್ಣದ ಬದಲಾವಣೆ ಎಲ್ಲವನ್ನೂ ತಿರುಗಿಸಿ ನೋಡಬಹುದಾದ ಮೂರು ಆಯಾಮದ ಚಿತ್ರಗಳಾಗಿ ಕೊಡುತ್ತದೆ. ಇಡೀ ವಸ್ತು ಒಟ್ಟಾಗಿ ಸರಿದ ಭಾಗವನ್ನು ಕಳೆದೂ ತೋರಿಸುತ್ತದೆ. ಇದಕ್ಕಿಂತ ಮುಖ್ಯವಾಗಿ, ಹೋಲಿಕೆ ಎಲ್ಲಿ ಚೆನ್ನಾಗಿ ಕೂಡಿತು, ಎಲ್ಲಿ ಕೂಡಲಿಲ್ಲ ಎಂಬ ಅಂಕಿಯನ್ನೂ ಮೇಲ್ಮೈಯ ಮೇಲೆಯೇ ಬಣ್ಣದಲ್ಲಿ ಹಾಸಿ ಕೊಡುತ್ತದೆ. ಎನ್‌ಕಾರ್‌ನ ಲೆಕ್ಕದಲ್ಲಿ ಈ ಅಂಕಿ ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು ಎಂಬುದನ್ನು ಹೊಸಬರು ಗಮನಿಸಬೇಕು. ಬಿರುಕು ತೆರೆದುಕೊಂಡ ಜಾಗದಲ್ಲಿ ಅದು ಮೇಲೇರುತ್ತದೆ. ಅಲ್ಲಿ ಬರುವ ದೊಡ್ಡ ಸ್ಟ್ರೈನ್ ವಸ್ತುವಿನದ್ದಲ್ಲ, ಬಿರುಕಿನ ಬಾಯಿಯ ಅಗಲದ್ದು.

ನಿಖರತೆಯ ವಿಷಯದಲ್ಲಿ ಭ್ರಮೆ ಇಟ್ಟುಕೊಳ್ಳಬಾರದು. ಒಳ್ಳೆಯ ಚುಕ್ಕಿ, ಒಳ್ಳೆಯ ಬೆಳಕು ಇದ್ದಾಗ ಸ್ಥಾನಪಲ್ಲಟದ ದೋಷವನ್ನು 0.02 ಪಿಕ್ಸೆಲ್ ಎಂದು ಹಿಡಿದರೆ ನಮ್ಮ ಉದಾಹರಣೆಯಲ್ಲಿ ಅದು 3 ಮೈಕ್ರೋಮೀಟರ್. 20 ಮಿ.ಮೀ. ಉದ್ದದ ಮೇಲೆ ಸ್ಟ್ರೈನ್ ಲೆಕ್ಕ ಹಾಕಿದರೆ ಎರಡೂ ತುದಿಗಳ ದೋಷ ಸೇರಿ 200 ಮೈಕ್ರೋಸ್ಟ್ರೈನ್ ಆಸುಪಾಸಿನ ಅನಿಶ್ಚಿತತೆ ಉಳಿಯುತ್ತದೆ. ಕಾಂಕ್ರೀಟು ಗರಿಷ್ಠ ಭಾರ ಹೊರುವಾಗಿನ ಸ್ಟ್ರೈನ್ 2000 ಮೈಕ್ರೋಸ್ಟ್ರೈನ್ ಸುತ್ತ ಇರುವುದರಿಂದ ಒಡೆಯುವ ಹಂತದ ಕಥೆ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಎಂ25 (25 ಮೆಗಾಪಾಸ್ಕಲ್ ಸಾಮರ್ಥ್ಯದ) ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ ಕಂಡುಹಿಡಿಯಲು ಸಾಮರ್ಥ್ಯದ ಮೂರನೇ ಒಂದು ಭಾಗದಷ್ಟು ಒತ್ತಡದಲ್ಲಿ ಓದುವ ಸ್ಟ್ರೈನ್ ಸುಮಾರು 330 ಮಾತ್ರ. ಅಲ್ಲಿ ಸ್ಥಳೀಯ ನಕ್ಷೆ ದೋಷದಲ್ಲಿ ಮುಳುಗಿಹೋಗುತ್ತದೆ. ಇಡೀ ಎತ್ತರದ ಸರಾಸರಿ ತೆಗೆದರೆ ದೋಷ ಇಳಿಯುತ್ತದೆ ಎಂಬುದು ಸರಿ, ಆದರೆ ಸರಾಸರಿಯೊಂದೇ ಬೇಕಾಗಿದ್ದರೆ ಮಾದರಿಗೆ ಕಟ್ಟಿ ಕುಗ್ಗು ಅಳೆಯುವ ಹಳೆಯ ಕಂಪ್ರೆಸ್ಸೋಮೀಟರ್ ಅದನ್ನು ಕಡಿಮೆ ಶ್ರಮದಲ್ಲಿ ಕೊಡುತ್ತದೆ. ರಬ್ಬರ್, ಚರ್ಮ, ಬಟ್ಟೆ, ಪ್ಲಾಸ್ಟಿಕ್‌ನಂತಹ ಶೇಕಡಾವಾರು ಹಿಗ್ಗುವ ವಸ್ತುಗಳಿಗೆ ಈ ಚಿಂತೆಯೇ ಇಲ್ಲ.

ಉಚಿತ ಎಂಬ ಮಾತಿಗೂ ಒಂದು ಷರತ್ತಿದೆ. ಮಲ್ಟಿಡಿಐಸಿಗೆ ಹಣ ಕೊಡಬೇಕಿಲ್ಲ, ಆದರೆ ಅದು ಓಡುವುದು ಹಣ ಕೊಟ್ಟು ಕೊಳ್ಳಬೇಕಾದ ಗಣಿತ ತಂತ್ರಾಂಶ ಮ್ಯಾಟ್‌ಲ್ಯಾಬ್ ಮೇಲೆ, ಜೊತೆಗೆ ಚಿತ್ರ ಸಂಸ್ಕರಣೆ ಮತ್ತು ಕಂಪ್ಯೂಟರ್ ವಿಷನ್ ಟೂಲ್‌ಬಾಕ್ಸ್‌ಗಳು ಬೇಕು. ಸಂಸ್ಥೆಯ ಲೈಸೆನ್ಸ್ ಇರುವ ಕಾಲೇಜಿಗೆ ಇದು ತೊಡಕಲ್ಲ. ಸ್ವಂತವಾಗಿ ನಡೆಸುವ ಸಣ್ಣ ಪರೀಕ್ಷಾ ಕೇಂದ್ರಕ್ಕೆ ಇದು ದೊಡ್ಡ ಖರ್ಚು. ಎನ್‌ಕಾರ್ ಭಾಗವನ್ನು ಮೊದಲ ಸಲ ಓಡಿಸುವ ಮೊದಲು ಸಿ++ ಕಂಪೈಲರ್ ಕೂರಿಸಿ ಕಂಪೈಲ್ ಮಾಡಿಕೊಳ್ಳಬೇಕು, ಗಣಕದ ಪರಿಚಯ ಕಡಿಮೆ ಇರುವವರು ಇಲ್ಲಿಯೇ ನಿಂತುಬಿಡುವ ಸಾಧ್ಯತೆಯಿದೆ. ಏನಾದರೂ ತಪ್ಪಿದಾಗ ಫೋನ್ ಮಾಡಿ ಕೇಳಲು ಮಾರಾಟದ ಪ್ರತಿನಿಧಿ ಇರುವುದಿಲ್ಲ. ಆದರೆ ಕೋಡ್ ಪೂರ್ತಿ ಕಣ್ಣೆದುರಿಗಿದೆ, ಒಂದು ಅಂಕಿ ಎಲ್ಲಿಂದ ಬಂತೆಂದು ಸಾಲು ಸಾಲಾಗಿ ಹಿಂಬಾಲಿಸಬಹುದು. ವಿದ್ಯಾರ್ಥಿಗೆ ವಿಷಯ ಕಲಿಸಬೇಕೆನ್ನುವವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆಯಿಲ್ಲ ಎಂದು ನಾನು ನಂಬುತ್ತೇನೆ.

ಹೋಲಿಕೆಗೆ ಬೇರೆ ಆಯ್ಕೆಗಳನ್ನೂ ಹೇಳಬೇಕು. ಚಪ್ಪಟೆ ಅಥವಾ ಸ್ವಲ್ಪವೇ ಬಾಗಿದ ಮಾದರಿಗೆ ಎರಡೇ ಕ್ಯಾಮೆರಾ ಸಾಕು. ಅಂಥವರಿಗೆ ಸೊಲಾವ್ ಅವರೇ ಸಹೋದ್ಯೋಗಿಯೊಂದಿಗೆ 2022ರಲ್ಲಿ ಹೊರತಂದ ಡ್ಯೂಓಡಿಐಸಿ ಸುಲಭ, ಅದಕ್ಕೆ ಚುಕ್ಕಿ ಸಿಲಿಂಡರ್ ಬೇಕಿಲ್ಲ, ಚೆಕರ್‌ಬೋರ್ಡ್ ಸಾಕು. ಮ್ಯಾಟ್‌ಲ್ಯಾಬ್ ಇಲ್ಲದವರು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಡೈಸ್ ಎಂಬ ಮುಕ್ತ ತಂತ್ರಾಂಶವನ್ನು ನೋಡಬಹುದು, ಅದು ಸ್ವತಂತ್ರವಾಗಿ ಓಡುತ್ತದೆ. ಅರಾಮಿಸ್, ವಿಐಸಿ‌-3ಡಿಯಂತಹ ವಾಣಿಜ್ಯ ವ್ಯವಸ್ಥೆಗಳು ಕ್ಯಾಮೆರಾ, ಬೆಳಕು, ಸಿಂಕ್, ತರಬೇತಿ ಎಲ್ಲವನ್ನೂ ಒಟ್ಟಿಗೆ ಕೊಡುತ್ತವೆ, ಹಲವು ಲಕ್ಷ ರೂಪಾಯಿ ಕೇಳುತ್ತವೆ. ದಿನವೂ ಹತ್ತಾರು ಮಾದರಿಗಳನ್ನು ಅಳೆದು ಪ್ರಮಾಣಪತ್ರ ಕೊಡಬೇಕಾದ ಕಡೆ ಅವು ಆ ಬೆಲೆಗೆ ಅರ್ಹವೇ. ಪೈಪು, ಸಿಲಿಂಡರು, ಕಟ್ಟುಪಟ್ಟಿ ಸುತ್ತಿದ ಕಂಬ, ಮನುಷ್ಯನ ಕೈಕಾಲು ಇಂತಹ ದುಂಡು ವಸ್ತುಗಳನ್ನು ಸಂಶೋಧನೆಗಾಗಿ ಸುತ್ತಲಿಂದ ಅಳೆಯಬೇಕಾದವರಿಗೆ, ಕೈಯಲ್ಲಿ ಸಮಯವೂ ಮ್ಯಾಟ್‌ಲ್ಯಾಬ್ ಲೈಸೆನ್ಸೂ ಇದ್ದರೆ, ನಾನು ಸೂಚಿಸುವುದು ಮಲ್ಟಿಡಿಐಸಿಯನ್ನು.

ಶುರು ಮಾಡುವವರು ಕ್ಯಾಮೆರಾ ಕೊಳ್ಳುವುದಕ್ಕೂ ಮೊದಲು ತಂತ್ರಾಂಶದ ಜೊತೆಗೆ ಬರುವ ಮಾದರಿ ಚಿತ್ರಗಳ ಮೇಲೆ ಕೈಪಿಡಿಯನ್ನು ಹಿಡಿದು ಎಲ್ಲ ಹಂತಗಳನ್ನೂ ಒಮ್ಮೆ ನಡೆಸಿ ನೋಡಲಿ. ಸ್ವಂತ ಪರೀಕ್ಷೆಗೆ ಇಳಿದ ಮೇಲೆ, ಭಾರ ಹಾಕುವ ಮುನ್ನ ಅಲುಗದೆ ನಿಂತ ಮಾದರಿಯ ಕೆಲವು ಚಿತ್ರಗಳನ್ನು ತೆಗೆದು ಅವುಗಳ ನಡುವೆ ಸ್ಟ್ರೈನ್ ಲೆಕ್ಕ ಹಾಕಿಸಲಿ. ಬರಬೇಕಾದದ್ದು ಸೊನ್ನೆ, ಬಂದದ್ದು ಎಷ್ಟೋ ಅಷ್ಟು ಆ ದಿನದ, ಆ ಬೆಳಕಿನ, ಆ ಬಣ್ಣದ ದೋಷ. ನಂತರ ಮಾದರಿಯನ್ನು ಭಾರವಿಲ್ಲದೆ ಒಂದೆರಡು ಮಿಲಿಮೀಟರ್ ಸರಿಸಿ ಮತ್ತೆ ನೋಡಲಿ, ಕ್ಯಾಲಿಬ್ರೇಶನ್ನಿನ ತಪ್ಪು ಇದ್ದರೆ ಆಗ ಹೊರಬರುತ್ತದೆ. ಈ ಎರಡು ಅಂಕಿಗಳನ್ನು ಫಲಿತಾಂಶದ ಕೋಷ್ಟಕದ ಪಕ್ಕದಲ್ಲಿಯೇ ಬರೆಯಬೇಕು. ಅಂತರರಾಷ್ಟ್ರೀಯ ಡಿಐಸಿ ಸಂಘ 2018ರಲ್ಲಿ ಉಚಿತವಾಗಿ ಹೊರತಂದ ಮಾರ್ಗದರ್ಶಿ ಕೂಡ ಅಳತೆಯ ದೋಷವನ್ನು ಹೀಗೆ ಕಂಡುಕೊಂಡು ವರದಿ ಮಾಡಬೇಕೆಂದೇ ಹೇಳುತ್ತದೆ.